ಡಬ್ಬಿಂಗ್ ಬೇಡ ಅಂದ ಮೇಷ್ಟ್ರಿಗೆ ಸಂಪಾದಕರ ಉತ್ತರ

ದಾವಣಗೆರೆಯ ಓದುಗರೊಬ್ರು, ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವರು, ಉದ್ದಕ್ಕೆ ಒಂದು ಕಾಗದ ಬರ್ದಿದ್ದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಇಷ್ಟು: ಸಂಜೆ ಆಯ್ತು ಅಂದ್ರೆ ಮನೇಲಿ ಹೆಂಡ್ತಿ, ಸೊಸೆ ಇಬ್ರೂ ಡಬ್ಬಿಂಗ್ ಸೀರಿಯಲ್ ಮುಂದೆ ಕೂರ್ತಾರೆ, ತುಟಿ ಒಂದು ಕಡೆ ಮಾತು ಒಂದು ಕಡೆ, ಆ ಕನ್ನಡ ಕೇಳಿದ್ರೆ ಮೈ ಉರಿಯುತ್ತೆ, ನಮ್ಮ ಕಲಾವಿದರ ಅನ್ನಕ್ಕೆ ಕಲ್ಲು ಬೀಳ್ತಿದೆ, ಹಿರಿಯರು ಯೋಚನೆ ಮಾಡಿ ಡಬ್ಬಿಂಗ್ ನಿಲ್ಸಿದ್ರು, ಅದನ್ನ ನಾವು ಕೈಯಾರೆ ಹಾಳು ಮಾಡ್ಕೊಂಡ್ವಿ, ಮತ್ತೆ ನಿಷೇಧ ಬರ್ಲಿ ಅಂತ ನೀವೊಂದು ಸಂಪಾದಕೀಯ ಬರೀರಿ. ಕೊನೇಲಿ ಒಂದು ಸಾಲು ಸೇರ್ಸಿದ್ದಾರೆ: "ಬೇಕಾದವರು ಹಿಂದೀಲೇ ನೋಡ್ಕೊಳ್ಳಲಿ, ಇವತ್ತಿನ ಕಾಲದಲ್ಲಿ ಹಿಂದಿ ಯಾರಿಗೆ ಅರ್ಥ ಆಗಲ್ಲ?"

ಉತ್ತರ:

ಮೇಷ್ಟ್ರೇ, ಇಷ್ಟು ಚೆನ್ನಾಗಿರೋ ಕನ್ನಡದಲ್ಲಿ, ಅಷ್ಟು ಮುದ್ದಾದ ಅಕ್ಷರದಲ್ಲಿ, ಕೈಯಲ್ಲೇ ಬರ್ದು ಪೋಸ್ಟ್ ಮಾಡಿದ್ದೀರ, ಈಗ ಇಂಥ ಕಾಗದ ಬರೋದೇ ಅಪರೂಪ. ನಿಮ್ಮ ಸಿಟ್ಟಿನ ಹಿಂದೆ ಇರೋ ಕನ್ನಡದ ಪ್ರೀತಿ ನನಗೆ ಅರ್ಥ ಆಗುತ್ತೆ. ಹಿರಿಯರು ಅವತ್ತು ಮಾಡಿದ್ದು ಸರಿಯಾಗೇ ಇತ್ತು, ಅದನ್ನೂ ಒಪ್ತೀನಿ. ಕನ್ನಡದ ಮೊದಲ ಟಾಕಿ 1934ರ 'ಸತಿ ಸುಲೋಚನ' ಚಿತ್ರೀಕರಣ ಆಗಿದ್ದೇ ಕೊಲ್ಹಾಪುರದಲ್ಲಿ. ಆಮೇಲೂ ಎಷ್ಟೋ ವರ್ಷ ನಮ್ಮೋರು ಮದ್ರಾಸಿನ ಸ್ಟುಡಿಯೋಗಳ ಬಾಗಿಲು ಕಾಯ್ತಾ ಕೂತಿದ್ರು. ಬೆಂಗಳೂರಿನ ಥಿಯೇಟರಲ್ಲೇ ಕನ್ನಡ ಸಿನಿಮಾಗೆ ಜಾಗ ಇಲ್ಲದಿದ್ದಾಗ ಕಾದಂಬರಿಕಾರ ಅ.ನ.ಕೃ., ಕನ್ನಡ ಚಳವಳಿಯ ಮ. ರಾಮಮೂರ್ತಿ ಅಂಥವರು ಬೀದಿಗಿಳಿದ್ರು. ಹುಟ್ಟಿದ ಕೂಸಿಗೆ ಗಾಳಿ ತಾಗದ ಹಾಗೆ ಬಟ್ಟೆ ಸುತ್ತೋದು ತಪ್ಪಲ್ಲ. ಆದ್ರೆ ಕೂಸು ಬೆಳೆದು ಮೀಸೆ ಬಂದು ಮೊಮ್ಮಕ್ಕಳನ್ನ ಎತ್ಕೊಂಡ ಮೇಲೂ ಅದೇ ಬಟ್ಟೆ ಬಿಚ್ಚಲ್ಲ ಅಂದ್ರೆ?

ಇನ್ನೊಂದು ವಿಷಯ. 'ನಿಷೇಧ' ಅಂತ ಬರ್ದಿದ್ದೀರಲ್ಲ, ಅಂಥದ್ದೊಂದು ಕಾನೂನು ಯಾವತ್ತೂ ಇರ್ಲೇ ಇಲ್ಲ. ವಿಧಾನಸಭೇಲಿ ಪಾಸಾಗ್ಲಿಲ್ಲ, ಗೆಜೆಟಲ್ಲಿ ಬರ್ಲಿಲ್ಲ. ಉದ್ಯಮದೋರೇ ಕೂತು ಮಾಡ್ಕೊಂಡ ಒಂದು ಕಟ್ಟುಪಾಡು ಅದು, ಅರ್ಧ ಶತಮಾನ ನಡೀತು. ಯಾರಾದ್ರೂ ಡಬ್ ಮಾಡ್ತೀನಿ ಅಂದ್ರೆ ಥಿಯೇಟರ್ ಸಿಗ್ತಿರ್ಲಿಲ್ಲ, ಚಾನೆಲ್ ಮುಂದೆ ಧರಣಿ. ಕೊನೆಗೆ ಕನ್ನಡ ಗ್ರಾಹಕರ ಕೂಟದೋರು ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಗಾಲು ಹಾಕದ ಹಾಗೆ ನೋಡ್ಕೊಳ್ಳೋ ಭಾರತೀಯ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿದ್ರು, 2015ರ ಜುಲೈಲಿ ಆಯೋಗ ಇದು ಕಾನೂನಿಗೆ ವಿರುದ್ಧ ಅಂತ ಹೇಳಿ ಫಿಲಂ ಚೇಂಬರ್ ಸೇರಿದ ಹಾಗೆ ಕೆಲವು ಸಂಸ್ಥೆಗಳಿಗೆ ದಂಡ ಹಾಕ್ತು. ಬಂಗಾಳದಲ್ಲೂ ಇಂಥದ್ದೇ ಆಗಿತ್ತು, ಮಹಾಭಾರತ ಸೀರಿಯಲ್ ಬೆಂಗಾಲಿಗೆ ಡಬ್ ಆಗಿದ್ದಕ್ಕೆ ಕಲಾವಿದರ ಸಮಿತಿ ಅಡ್ಡ ಬಂದಿತ್ತು, 2017ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಪರ ನಿಂತ್ಕೊಳ್ತು. ಅದೇ ತಿಂಗಳು ನಮ್ಮಲ್ಲಿ 'ಸತ್ಯದೇವ್ ಐಪಿಎಸ್' ಅನ್ನೋ ಡಬ್ಬಿಂಗ್ ಸಿನಿಮಾ ಥಿಯೇಟರಿಗೆ ಬಂತು, ಅದಕ್ಕೂ ಗಲಾಟೆ.

ಈಗ ನಿಮ್ಮ ಆ ಕೊನೇ ಸಾಲಿಗೆ ಬರ್ತೀನಿ, ನಿಜ ಹೇಳ್ಬೇಕಂದ್ರೆ ಈ ಉತ್ತರ ಬರೀತಿರೋದೇ ಅದಕ್ಕೆ. ಹಿಂದಿ ಯಾರಿಗೆ ಅರ್ಥ ಆಗಲ್ಲ? ನಮ್ಮ ಸೋದರತ್ತೆಗೆ ಅರ್ಥ ಆಗ್ತಿರ್ಲಿಲ್ಲ. 1987ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಶುರುವಾದಾಗ ಊರಿಗೆಲ್ಲಾ ಒಂದೇ ಟಿವಿ, ಅದರ ಮುಂದೆ ಅತ್ತೆ ಸ್ನಾನ ಮಾಡಿ ಮಡಿ ಸೀರೆ ಉಟ್ಕೊಂಡು ಕೂರ್ತಿದ್ರು, ಬಾಂಬೇಲಿ ಹೋಟ್ಲಲ್ಲಿ ದುಡಿದು ವಾಪಸ್ ಬಂದ ಒಬ್ಬ ಹುಡುಗ ಪಕ್ಕದಲ್ಲಿ ಕೂತು ರಾಮ ಏನಂದ, ಕೈಕೇಯಿ ಏನಂದ್ಲು ಅಂತ ಕನ್ನಡದಲ್ಲಿ ಹೇಳ್ಬೇಕಿತ್ತು. ಅವನು ಬರದೇ ಇದ್ದ ವಾರ ಅತ್ತೆಗೆ ಚಿತ್ರ ಮಾತ್ರ. ಜೈಮಿನಿ ಭಾರತ ಬಾಯಿಪಾಠ ಬರ್ತಿದ್ದ ಹೆಂಗಸು ಅವರು, ಅವರ ಎದುರಿಗೆ ರಾಮನೇ ಬಂದು ಮಾತಾಡಿದ್ರೂ ಪಕ್ಕದವನ ಕಡೆ ತಿರುಗಿ ಕೇಳ್ಬೇಕಾದ ಸ್ಥಿತಿ, ಆ ವಯಸ್ಸಲ್ಲಿ. ಆ ಅವಮಾನ ನನಗೆ ಇವತ್ತಿಗೂ ಚುಚ್ಚುತ್ತೆ.

ಅದೇ ಕಾಲದ 'ಮಾಲ್ಗುಡಿ ಡೇಸ್' ತಗೊಳ್ಳಿ. ಬರ್ದವರು ಮೈಸೂರಲ್ಲಿ ಬಾಳಿದ ಆರ್.ಕೆ. ನಾರಾಯಣ್, ನಿರ್ದೇಶಕರು ನಮ್ಮ ಶಂಕರ್ ನಾಗ್, ಶೂಟಿಂಗ್ ಆಗಿದ್ದು ಆಗುಂಬೇಲಿ, ನಟಿಸಿದ್ದು ಮಾಸ್ಟರ್ ಮಂಜುನಾಥ್, ಅನಂತ್ ನಾಗ್, ಗಿರೀಶ್ ಕಾರ್ನಾಡ್. ಆದ್ರೆ ಆಗುಂಬೆ ಜನ ತಮ್ಮ ಊರಿನ ಬೀದಿಯನ್ನ, ತಮ್ಮ ಊರಿನ ಮಳೆಯನ್ನ ನೋಡಿದ್ದು ಹಿಂದೀಲಿ. ಅದು ಕನ್ನಡ ಮಾತಾಡ್ಕೊಂಡು ನಮ್ಮ ಟಿವಿಗೆ ಬಂದಿದ್ದು 2020ರ ಲಾಕ್‌ಡೌನಲ್ಲಿ. ಅಷ್ಟರಲ್ಲಿ ಶಂಕರ್ ನಾಗ್ ತೀರ್ಕೊಂಡು ಮೂವತ್ತು ವರ್ಷ. ಇದನ್ನ ಯಾವ ಕನ್ನಡದ ರಕ್ಷಣೆ ಅಂತ ಕರೀಬೇಕು ಮೇಷ್ಟ್ರೇ?

ಇದು ಬರೀ ಮನರಂಜನೆ ವಿಷಯ ಆಗಿದ್ರೆ ನಾನು ಇಷ್ಟು ಕಾವೇರ್ತಿರ್ಲಿಲ್ಲ. 2012ರ ಮೇ 6ನೇ ತಾರೀಕು ಅಮೀರ್ ಖಾನ್ ನಡೆಸಿಕೊಟ್ಟ ಟಿವಿ ಕಾರ್ಯಕ್ರಮ 'ಸತ್ಯಮೇವ ಜಯತೇ' ಶುರುವಾಯ್ತು. ಹಿಂದಿ ಜೊತೆ ತಮಿಳು, ತೆಲುಗು, ಮಲಯಾಳಂ, ಮರಾಠಿ, ಬೆಂಗಾಲೀಲೂ ಬಂತು. ಸುತ್ತ ಇರೋ ಬಹುತೇಕ ರಾಜ್ಯದೋರು ತಮ್ಮ ತಮ್ಮ ಭಾಷೇಲಿ ನೋಡಿದ್ರು, ಕನ್ನಡದಲ್ಲಿ ಮಾತ್ರ ಬರ್ಲಿಲ್ಲ, ಡಬ್ಬಿಂಗ್ ಅಂತ ಉದ್ಯಮ ಬಿಡ್ಲಿಲ್ಲ. ಮೊದಲ ಕಂತು ಯಾವುದರ ಬಗ್ಗೆ ಗೊತ್ತಾ? ಹೆಣ್ಣು ಭ್ರೂಣ ಹತ್ಯೆ. ಎರಡನೇದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಅದೇ ತಿಂಗಳು ಸಂಸತ್ತಲ್ಲಿ ಮಕ್ಕಳನ್ನ ಇಂಥ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆ ಪಾಸಾಯ್ತು. ಮೂರನೇದು ವರದಕ್ಷಿಣೆ. ಇವು ಕಾಲೇಜು ಓದಿದ, ಹಿಂದಿ ಇಂಗ್ಲಿಷ್ ಎರಡೂ ಬರೋ ನನಗಿಂತ, ನಿಮಗಿಂತ, ಹಳ್ಳಿ ಮನೇಲಿರೋ ಅಜ್ಜಿಗೆ, ಅತ್ತೆಗೆ, ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಬೇಕಾಗಿದ್ದ ಮಾತು. ಮಗುವಿಗೆ ಮುಟ್ಟಬಾರದ ಕಡೆ ಯಾರಾದ್ರೂ ಮುಟ್ಟಿದ್ರೆ ಅಮ್ಮನಿಗೆ ಹೇಗೆ ಹೇಳ್ಬೇಕು ಅನ್ನೋದನ್ನ ಆ ಕಂತಲ್ಲಿ ಪುಟ್ಟ ಮಕ್ಕಳನ್ನ ಕೂರ್ಸಿಕೊಂಡು ಹೇಳ್ಕೊಟ್ರು, ಹೊಸೂರಿನ ಮಗು ತಮಿಳಲ್ಲಿ ಕೇಳಿಸ್ಕೊಳ್ತು, ಕಾಸರಗೋಡಿನದು ಮಲಯಾಳಂನಲ್ಲಿ, ಆನೇಕಲ್ಲಿನ ಮಗು ಏನು ತಪ್ಪು ಮಾಡಿತ್ತು?

2023ರ ನವೆಂಬರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೇಲಿ ಸ್ಕ್ಯಾನಿಂಗ್ ಮಷಿನ್ ಇಟ್ಕೊಂಡು ಹೊಟ್ಟೇಲಿರೋದು ಹೆಣ್ಣಾ ಗಂಡಾ ಅಂತ ನೋಡಿ ಗರ್ಭಪಾತಕ್ಕೆ ಕಳಿಸ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ತು. ಬೆಲ್ಲ ಬೇಯಿಸೋ ಜಾಗ! ಭ್ರೂಣ ಲಿಂಗ ಪತ್ತೆ ತಡೆಯೋ ಕಾಯ್ದೆ 1994ರಿಂದ ಇದೆ. ಆ ಒಂದು ಟಿವಿ ಕಾರ್ಯಕ್ರಮ ಕನ್ನಡದಲ್ಲಿ ಬಂದಿದ್ರೆ ಇದು ಆಗ್ತಿರ್ಲಿಲ್ಲ ಅಂತ ನಾನು ಹೇಳಲ್ಲ, ಹಾಗೆ ಹೇಳೋದು ಅನ್ಯಾಯ. ಆದ್ರೆ ಊರೂರಲ್ಲಿ ಹೆಂಗಸರು ಕೂತು ಈ ವಿಷಯ ಬಾಯಿ ಬಿಟ್ಟು ಮಾತಾಡೋಕೆ ಒಂದು ನೆಪ ಸಿಗ್ತಿತ್ತಲ್ಲ, ಒಂದು ಭಾನುವಾರ ಬೆಳಗ್ಗೆ ಮನೇಲಿ ಗಂಡಸರೂ ಕೇಳಿಸ್ಕೊಳ್ಳೋ ಹಾಗೆ. ಆ ನೆಪವನ್ನ ನಾವು ಕನ್ನಡದ ಹೆಸರಲ್ಲೇ ಕಿತ್ಕೊಂಡ್ವಿ.

ಡಬ್ಬಿಂಗ್ ಬಂದ ಮೇಲೆ ಏನಾಯ್ತು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. 2020ರಲ್ಲಿ ಅಂಬೇಡ್ಕರ್ ಬಗ್ಗೆ 'ಮಹಾನಾಯಕ' ಸೀರಿಯಲ್ ಕನ್ನಡಕ್ಕೆ ಡಬ್ ಆಗಿ ಬಂತು. ಯಾವ ಸೀರಿಯಲ್‌ಗೆ ಮೇಷ್ಟ್ರೇ ಹಳ್ಳಿ ಜನ ತಾವೇ ದುಡ್ಡು ಹಾಕಿ ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದ್ದು? ಇದಕ್ಕೆ ಕಟ್ಟಿದ್ರು, ಒಂದೂರಲ್ಲಲ್ಲ, ರಾಜ್ಯದ ಉದ್ದಕ್ಕೂ. ಚಾನೆಲ್ ಮುಖ್ಯಸ್ಥರಿಗೆ ಬೆದರಿಕೆ ಕರೆ ಬಂದಿದ್ದೂ ಪೇಪರಲ್ಲಿ ಓದಿದ್ದೀರಿ, ಅಂದ್ರೆ ಅದು ಯಾರಿಗೋ ತಟ್ಟಿತ್ತು ಅಂತ ತಾನೆ. ಅಂಬೇಡ್ಕರ್ ಬರಹಗಳು ಕನ್ನಡದಲ್ಲಿ ಸಂಪುಟ ಸಂಪುಟವಾಗಿ ಬಂದಿವೆ, ಲೈಬ್ರರೀಲಿ ಇವೆ, ದೊಡ್ಡ ಕೆಲಸ ಅದು. ಆದ್ರೆ ಕೂಲಿಯಿಂದ ಬಂದು ಸುಸ್ತಾಗಿ ಕೂತ ತಾಯಿಗೆ, ಶಾಲೇಲಿ ಬಾಯಾರಿದ ಪುಟ್ಟ ಭೀಮನಿಗೆ ನೀರು ಮುಟ್ಟೋಕೆ ಬಿಡದೆ ಇದ್ದದ್ದನ್ನ ಕನ್ನಡದಲ್ಲಿ ಕೇಳಿಸಿದ್ದು ಆ ಡಬ್ಬಿಂಗ್ ಸೀರಿಯಲ್. ಅದನ್ನ ನಿಲ್ಸಿ ಅಂತ ಆ ತಾಯಿ ಎದುರು ನಿಂತು ಹೇಳೋಕೆ ನನ್ನಿಂದಾಗಲ್ಲ. ನಿಮ್ಮಿಂದಲೂ ಆಗಲ್ಲ, ನೀವು ಒಳ್ಳೆ ಮೇಷ್ಟ್ರು ಅಂತ ಕಾಗದ ನೋಡಿದ್ರೇ ಗೊತ್ತಾಗುತ್ತೆ.

ಇನ್ನು ಕಲಾವಿದರ ಅನ್ನ. ಲೈಟ್ ಬಾಯ್, ಮೇಕಪ್ ಅಸಿಸ್ಟೆಂಟು, ಸಣ್ಣ ಪಾತ್ರ ಮಾಡೋ ಕಲಾವಿದರು, ದಿನಗೂಲಿ ನಂಬ್ಕೊಂಡ ಇವರೆಲ್ಲರ ಭಯ ಸುಳ್ಳಲ್ಲ, ಡಬ್ಬಿಂಗ್ ಬೇಡ ಅಂತ ನಡೆದ 2014ರ ಜನವರಿ ಬಂದ್‌ನಲ್ಲಿ ಬೀದೀಲಿ ನಿಂತಿದ್ದವರಲ್ಲಿ ಎಷ್ಟೋ ಜನ ಇವರೇ. ಅವರ ಬಗ್ಗೆ ಗೌರವ ಇಟ್ಕೊಂಡೇ ಕೇಳ್ತೀನಿ, ನಮ್ಮ ಸೀರಿಯಲ್ ಮಧ್ಯ ಬರೋ ಸೋಪು, ಟೂತ್‌ಪೇಸ್ಟು, ಹೆಲ್ತ್ ಡ್ರಿಂಕ್ ಜಾಹೀರಾತೆಲ್ಲಾ ಬಹುಪಾಲು ಡಬ್ಬಿಂಗೇ ಅಲ್ವಾ, ಅದಕ್ಕೆ ಯಾಕೆ ಯಾರೂ ಧರಣಿ ಕೂರ್ಲಿಲ್ಲ? ಚಿಂಟು ಟಿವಿಲಿ ಕಾರ್ಟೂನೆಲ್ಲಾ ಕನ್ನಡ ಮಾತಾಡ್ತು, ಮಕ್ಕಳು ಕುಣಿದ್ರು, ಯಾರ ಅನ್ನವೂ ಹೋಗ್ಲಿಲ್ಲ. ಪರಭಾಷೆ ಕಥೆ ಬಂದ್ರೆ ಸಂಸ್ಕೃತಿ ಹೋಗುತ್ತೆ ಅನ್ನೋರು ಅದೇ ಪರಭಾಷೆ ಸಿನಿಮಾಗಳನ್ನ ದುಡ್ಡು ಕೊಟ್ಟು ತಂದು ಸೀನ್ ಟು ಸೀನ್ ರಿಮೇಕ್ ಮಾಡ್ತಿದ್ರಲ್ಲ, ಆಗ ಸಂಸ್ಕೃತಿ ಎಲ್ಲಿತ್ತು? ಕೆಜಿಎಫ್, ಕಾಂತಾರ ಹಿಂದಿ ತೆಲುಗು ತಮಿಳಿಗೆ ಡಬ್ ಆಗಿ ದೇಶ ಎಲ್ಲಾ ನೋಡಿದಾಗ ನಾವೆಲ್ಲಾ ಎದೆ ಉಬ್ಬಿಸ್ಕೊಂಡ್ವಿ. ನಮ್ಮದು ಅವರ ಮನೆಗೆ ಹೋಗ್ಬಹುದು, ಅವರದ್ದು ನಮ್ಮ ಮನೆಗೆ ನಮ್ಮ ಮಾತಲ್ಲಿ ಬರಬಾರದು, ಇದ್ಯಾವ ನ್ಯಾಯ. ಪಂಪ ವ್ಯಾಸರ ಭಾರತವನ್ನ ಕನ್ನಡಕ್ಕೆ ತಂದ, ಬಿ.ಎಂ.ಶ್ರೀ. ಇಂಗ್ಲಿಷ್ ಪದ್ಯಗಳನ್ನ ತಂದ್ರು, ನೀವೇ ಕ್ಲಾಸಲ್ಲಿ ಅಭಿಮಾನದಿಂದ ಪಾಠ ಮಾಡಿರ್ತೀರಿ.

ನನ್ನ ನಿಜವಾದ ಸಂಕಟ ಬೇರೆ ಇದೆ. ಡಬ್ಬಿಂಗ್ ಇಲ್ಲ ಅಂದ ತಕ್ಷಣ ಕನ್ನಡಿಗರು ಪರಭಾಷೆ ಸಿನಿಮಾ ನೋಡೋದು ಬಿಟ್ರಾ? ಬಿಡ್ಲಿಲ್ಲ, ಮೂಲ ಭಾಷೇಲೇ ನೋಡಿದ್ರು. ಬಳ್ಳಾರಿ ಕೋಲಾರದಲ್ಲಿ ತೆಲುಗು, ಬೆಂಗಳೂರಲ್ಲಿ ತಮಿಳು ಹಿಂದಿ ಎಲ್ಲಾ. ಐವತ್ತು ವರ್ಷ ಹೀಗೆ ನೋಡಿ ನೋಡಿ, ಕನ್ನಡಿಗನಿಗೆ ಕನ್ನಡದಲ್ಲಿ ಕೊಡೋ ಅವಶ್ಯಕತೇನೇ ಇಲ್ಲ, ಯಾವ ಭಾಷೇಲಿ ಕೊಟ್ರೂ ಅಡ್ಜಸ್ಟ್ ಮಾಡ್ಕೊಳ್ತಾನೆ ಅಂತ ಮಾರ್ಕೆಟ್‌ಗೆ ನಾವೇ ಪಾಠ ಹೇಳ್ಕೊಟ್ವಿ. ಅದರ ಫಲ ಈಗ ತಿಂತಿದ್ದೀವಿ. 2021ರ ಡಿಸೆಂಬರಲ್ಲಿ ತೆಲುಗು ಸಿನಿಮಾ 'ಪುಷ್ಪ' ಬಂದಾಗ ಕನ್ನಡ ವರ್ಷನ್ ರೆಡಿ ಇತ್ತು, ಆದ್ರೆ ಕರ್ನಾಟಕದಲ್ಲೇ ಅದಕ್ಕೆ ಬೆರಳೆಣಿಕೆ ಶೋ, ತೆಲುಗಿಗೆ ರಾಶಿ ರಾಶಿ, ಜನ ಸಿಟ್ಟಾಗಿ ಬಾಯ್ಕಾಟ್ ಟ್ರೆಂಡ್ ಮಾಡಿದ್ರು. ಇಂಟರ್ನೆಟ್ಟಲ್ಲಿ ಸಿನಿಮಾ, ಸೀರೀಸ್ ತೋರ್ಸೋ ಒಟಿಟಿಗಳದ್ದೂ ಇದೇ ಕಥೆ, ಕನ್ನಡ ಅಂದ್ರೆ ಮುಖ ತಿರುಗಿಸ್ತಾರೆ, 2024ರಲ್ಲಿ ರಕ್ಷಿತ್ ಶೆಟ್ಟಿಯವರ ಪರಂವಃ ತಂಡ 'ಏಕಂ' ವೆಬ್ ಸೀರೀಸನ್ನ ಕೊನೆಗೆ ತಮ್ಮದೇ ಪ್ಲಾಟ್‌ಫಾರ್ಮ್ ಮಾಡ್ಕೊಂಡು ಬಿಡ್ಬೇಕಾಯ್ತು. ಬ್ಯಾಂಕ್ ಕೌಂಟರಲ್ಲಿ ಕನ್ನಡ ಬರಲ್ಲ ಅಂತ ಒರಟಾಗಿ ಹೇಳೋರು, ಕನ್ನಡ ಇಲ್ಲದ ಮಾತ್ರೆ ಸ್ಟ್ರಿಪ್ಪು, ಇನ್ಶೂರೆನ್ಸ್ ಫಾರಂ, ಎಲ್ಲದರ ಹಿಂದೆ ಇರೋದು ನಿಮ್ಮ ಆ ಪ್ರಶ್ನೇನೇ ಮೇಷ್ಟ್ರೇ, ಹಿಂದಿ ಯಾರಿಗೆ ಬರಲ್ಲ, ಇಂಗ್ಲಿಷ್ ಯಾರಿಗೆ ಬರಲ್ಲ. ಕನ್ನಡ ಮೇಷ್ಟ್ರ ಕಾಗದದಲ್ಲೂ ಅದನ್ನ ಓದ್ಬೇಕಾಗಿ ಬಂತಲ್ಲ ಅಂತ ಬೇಜಾರಾಯ್ತು.

ಹಾಗಾಗಿ ನೀವು ಕೇಳಿದ ಸಂಪಾದಕೀಯ ನಾನು ಬರೆಯಲ್ಲ. ಆದ್ರೆ ಡಬ್ಬಿಂಗ್ ಕನ್ನಡ ಕೆಟ್ಟದಾಗಿದೆ ಅಂದ್ರಲ್ಲ, ಅದು ನೂರಕ್ಕೆ ನೂರು ಸತ್ಯ. ಹಿಂದಿ ವಾಕ್ಯಕ್ಕೆ ಕನ್ನಡ ಪದ ಅಂಟಿಸಿದ ಹಾಗಿರುತ್ತೆ, ಯಾವ ಊರಿನೋರೂ ಹಾಗೆ ಮಾತಾಡಲ್ಲ. ಬರೆಯೋರಿಗೆ ಟೈಮ್ ಕೊಡಲ್ಲ, ನೆಟ್ಟಗೆ ದುಡ್ಡು ಕೊಡಲ್ಲ, ಬರ್ದವರ ಹೆಸರು, ದನಿ ಕೊಟ್ಟವರ ಹೆಸರು ಹುಡುಕಿದ್ರೂ ಸಿಗಲ್ಲ. ಕಂಠದಾನ ಕಲಾವಿದರೂ ಕಲಾವಿದರೇ, ಅವರ ಅನ್ನದ ಬಗ್ಗೆಯೂ ಒಂಚೂರು ಯೋಚನೆ ಮಾಡಿ. ನಿಮ್ಮ ಸಿಟ್ಟು ಈ ಕಡೆ ತಿರುಗ್ಲಿ. ಯಾವ ಸೀರಿಯಲ್, ಯಾವ ದಿನದ ಕಂತು, ಯಾವ ಮಾತು ಕಿವಿಗೆ ಚುಚ್ಚಿತು, ಅಲ್ಲಿ ಏನಿರ್ಬೇಕಿತ್ತು ಅಂತ ಬರ್ದು ಕಳ್ಸಿ, ಸೊಸೆ ಜೊತೆ ಕೂತೇ ಬರೀರಿ, ದಿನಾ ನೋಡೋರು ಅವರು, ನಿಮಗಿಂತ ಚೆನ್ನಾಗಿ ನೆನಪಿರುತ್ತೆ. ಎಷ್ಟು ಪುಟ ಆದ್ರೂ ಹಾಕ್ತೀನಿ, ಆಯಾ ಚಾನೆಲ್‌ಗಳಿಗೂ ಒಂದೊಂದು ಪ್ರತಿ ನಾನೇ ಕಳಿಸ್ತೀನಿ.

- ಸಂ.