ಅಕ್ಕನ ಸಾವಿನ ರಿವ್ಯೂನಲ್ಲಿ ಅವಳ ದಾಖಲೆಗಳು ಯಾರ ಕೈಗೆ ಹೋಗುತ್ತವೆ?

ನಿಮ್ಮ ಪ್ರಶ್ನೆ ಓದಿ ತುಂಬಾ ಸಂಕಟವಾಯಿತು. ಇಂಗ್ಲೆಂಡಿನಲ್ಲಿ ಅಕ್ಕನನ್ನು ಗಂಡನೇ ಕೊಂದಿದ್ದಾನೆ, ಈಗ ರಿವ್ಯೂ, ಅಂದರೆ ಮನೆಯವರ ಕೈಯಲ್ಲಾದ ಸಾವಿನ ಅಧಿಕೃತ ಪರಿಶೀಲನೆ, ಮಾಡುತ್ತೇವೆಂದು ಪತ್ರ ಬಂದಿದೆ, ಅವಳ ಡಾಕ್ಟರ್ ದಾಖಲೆಯನ್ನೆಲ್ಲ ಊರವರು ಓದುತ್ತಾರಾ ಎಂದು ಕೇಳಿದ್ದೀರಿ. ಇಲ್ಲ. ಮಹಿಳಾ ಸಂಸ್ಥೆಯೊಂದರ ಪರವಾಗಿ ನಾನು ಅಲ್ಲಿ ಇಂಥ ಎರಡು ರಿವ್ಯೂಗಳಲ್ಲಿ ಕೂತಿದ್ದೆ.

ಕೌಟುಂಬಿಕ ಹಿಂಸೆ ಕುರಿತ 2004ರ ಕಾಯ್ದೆಯ ಪ್ರಕಾರ ಇಂಗ್ಲೆಂಡ್, ವೇಲ್ಸ್‌ನಲ್ಲಿ 2011ರಿಂದ ಇದು ಕಡ್ಡಾಯ. ಅಪರಾಧಿ ಯಾರೆಂದು ಹೇಳುವುದು ಕೋರ್ಟಿನ ಕೆಲಸ. ಅಕ್ಕ ಯಾರ ಹತ್ತಿರ ಏನು ಹೇಳಿಕೊಂಡಿದ್ದಳು, ಕೇಳಿದವರು ಏನು ಮಾಡಿದರು ಎಂಬುದನ್ನು ರಿವ್ಯೂ ನೋಡುತ್ತದೆ. ನಾನು ಕೂತಿದ್ದ ಒಂದು ರಿವ್ಯೂ ಬಗ್ಗೆ, ಪ್ರಕಟವಾದ ವರದಿಯಲ್ಲೇ ಇರುವುದರಿಂದ, ಒಂದು ಮಾತು ಹೇಳಬಹುದು: ಕ್ಲಿನಿಕ್ಕಿಗೆ ಹೋದಾಗೆಲ್ಲ ಆ ಹೆಂಗಸಿನ ಪರವಾಗಿ ಮಾತಾಡಿದ್ದು ಗಂಡನೇ ಎಂದು ಗೊತ್ತಾದದ್ದು ಡಾಕ್ಟರ್ ಬರೆದಿಟ್ಟ ಎರಡು ಸಾಲಿನಿಂದ. ಅದಕ್ಕೇ ದಾಖಲೆ ಬೇಕು.

ಸಾಮಾನ್ಯವಾಗಿ ಇಡೀ ಫೈಲು ಎಲ್ಲರ ಮುಂದೆ ಬರುವುದಿಲ್ಲ. ಪೊಲೀಸರು, ಆಸ್ಪತ್ರೆಯವರು ತಮ್ಮ ದಾಖಲೆ ತಾವೇ ಓದಿ ರಿವ್ಯೂ ನಡೆಸುವ ಸಮಿತಿಗೆ ವರದಿ ಕೊಡುತ್ತಾರೆ. ಡೇಟಾ ರಕ್ಷಣೆ ಕಾನೂನು ತೀರಿಹೋದವರಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಗುಟ್ಟು ಕಾಯುವ ಡಾಕ್ಟರ ಹೊಣೆ ಸಾವಿನ ನಂತರವೂ ಇರುತ್ತದೆ. ಗಂಡ ಬದುಕಿದ್ದಾನಲ್ಲ, ಅವನ ದಾಖಲೆಗೆ ಒಪ್ಪಿಗೆ ಕೇಳುತ್ತಾರೆ. ಕೊಡದಿದ್ದರೆ ಸಾರ್ವಜನಿಕ ಹಿತ ನೋಡಿ ಬೇಕಾದಷ್ಟನ್ನು ಪಡೆಯಬಹುದು.

ಕೊನೆಯ ವರದಿ ಸಾಮಾನ್ಯವಾಗಿ ಪ್ರಕಟವಾಗುತ್ತದೆ, ಬೇರೆ ಹೆಸರಿನಲ್ಲಿ. ಆ ಹೆಸರನ್ನು ಮನೆಯವರೇ ಆರಿಸಬಹುದು. ಇದನ್ನು ಮಾತ್ರ ಬಿಟ್ಟುಕೊಡಬೇಡಿ. ಇಲ್ಲದಿದ್ದರೆ ಎಷ್ಟೋ ಕಡೆ ಸುಮ್ನೆ ಒಂದು ಇಂಗ್ಲಿಷ್ ಅಕ್ಷರ ಹಾಕುತ್ತಾರೆ. ಆದರೆ ಹೆಸರು ಬದಲಿಸಿದರೆ ಸಾಲದು. ಕನ್ನಡದವರು, ಇಂಥ ಊರು, ಇಂಥ ಕೆಲಸ, ಎರಡು ಮಕ್ಕಳು ಎಂದು ಬರೆದರೆ ಅಲ್ಲಿರುವ ನಮ್ಮವರಿಗೆಲ್ಲ ಯಾರೆಂದು ತಿಳಿಯುತ್ತದೆ, ಅಲ್ವಾ? ನಾಳೆ ಮಕ್ಕಳೂ ಓದುತ್ತಾರೆ. ಪ್ರಕಟಣೆಗೆ ಮುಂಚೆ ಕರಡು ನೋಡಲು ಕೇಳಿ. ಯಾವ ಸಾಲು ನೋಯಿಸುತ್ತದೆ, ಯಾವುದು ಗುರುತು ಬಿಟ್ಟುಕೊಡುತ್ತದೆ ಎಂದು ಬರೆದು ಕಳಿಸಿ.

ಇನ್ನೊಂದು ವಿಷಯ. ಕೇಸು ಇನ್ನೂ ನಡೆಯುತ್ತಿದ್ದರೆ, ರಿವ್ಯೂ ಅಧ್ಯಕ್ಷರಿಗೆ ನೀವು ಹೇಳಿದ್ದು ಪೊಲೀಸರಿಗೂ ಅವನ ವಕೀಲರಿಗೂ ತಲುಪಬಹುದು. ಮೊದಲೇ ವಿಚಾರಿಸಿ ಮಾತಾಡಿ. ಎಎಎಫ್‌ಡಿಎ (AAFDA) ಎಂಬ ಸಂಸ್ಥೆ ಇಂಥ ಕುಟುಂಬಗಳ ಜೊತೆ ನಿಲ್ಲುತ್ತದೆ. ಇಂಥದ್ದೇ ಕೊಲೆಯಲ್ಲಿ ಸೋದರಿ ಮತ್ತು ಅವಳ ಮಗನನ್ನು ಕಳೆದುಕೊಂಡ ಫ್ರ್ಯಾಂಕ್ ಮುಲೇನ್ ಕಟ್ಟಿದ್ದು.

ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ, ಪತ್ರಕ್ಕೆ ಉತ್ತರಿಸುವಾಗಲೇ ಕನ್ನಡದ ದುಭಾಷಿ ಬೇಕೆಂದು ಕೇಳಿ. ಆ ಕೆಲಸಕ್ಕೆ ನೆಂಟರು ಬೇಡ.