ಒಂದು ಅಚ್ಚು, ಇಪ್ಪತ್ತೆಂಟು ಯಂತ್ರ: ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡೊಂಬಿವಲಿಯ ನಮ್ಮ ಶಾಲೆಯ ಲ್ಯಾಬಿನಲ್ಲಿ 28 ಕಂಪ್ಯೂಟರ್‌ಗಳಿವೆ. ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ಪೆನ್‌ಡ್ರೈವ್ ಹಿಡಿದು ಒಂದೊಂದಕ್ಕೂ ವಿಂಡೋಸ್, ಕನ್ನಡ ಮತ್ತು ಮರಾಠಿ ಕೀಬೋರ್ಡ್, ಪಾಠದ ತಂತ್ರಾಂಶಗಳನ್ನು ಹಾಕುವಷ್ಟರಲ್ಲಿ ವಾರ ಕಳೆದುಹೋಗುತ್ತದೆ. ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿ ಇಮೇಜ್ ಸರ್ವರ್ ಮಾಡಬಹುದಂತೆ. ಏನೇನು ಬೇಕು, ಹೇಗೆ ಮಾಡಬೇಕು?
– ಕಂಪ್ಯೂಟರ್ ಶಿಕ್ಷಕಿ, ಡೊಂಬಿವಲಿ

ಉತ್ತರ: ಖಂಡಿತ ಮಾಡಬಹುದು. ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಒಂದು ಕಂಪ್ಯೂಟರನ್ನು ಬೇಕಾದ ಹಾಗೆ ಸಿದ್ಧಮಾಡಿ, ಅದರ ಇಡೀ ಡಿಸ್ಕನ್ನು ಅಚ್ಚಿನಂತೆ ಸರ್ವರಿನಲ್ಲಿ ಇಟ್ಟುಕೊಂಡು, ಉಳಿದವಕ್ಕೆ ನೆಟ್‌ವರ್ಕ್ ಕೇಬಲ್ ಮೂಲಕ ಇಳಿಸುವುದು ಇದರ ತಿರುಳು. ಶಾಲೆಗೆ ನಾವು ಸೂಚಿಸುವುದು ಫಾಗ್ ಎಂಬ ಮುಕ್ತ ತಂತ್ರಾಂಶ. ಎಲ್ಲವನ್ನೂ ಬ್ರೌಸರಿನಲ್ಲೇ ನಡೆಸಬಹುದು. ಐದಾರು ಯಂತ್ರಗಳಷ್ಟೇ ಇದ್ದು, ವರ್ಷಕ್ಕೊಮ್ಮೆ ಮಾತ್ರ ಕೆಲಸವಿದ್ದರೆ ಕ್ಲೋನ್‌ಜಿಲ್ಲಾ ಲೈವ್‌ನಲ್ಲಿರುವ ಲೈಟ್ ಸರ್ವರ್ ಸಾಕು, ಅದಕ್ಕೆ ಏನನ್ನೂ ಸ್ಥಾಪಿಸಬೇಕಾಗಿಲ್ಲ.

ಸರ್ವರಿಗೆ ನಾಲ್ಕು ಕೋರ್‌ನ ಹಳೆಯ ಐ5, 8 ಜಿಬಿ ರ‍್ಯಾಮ್ ಸಾಕು. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ ಸೆಕೆಂಡ್‌ಹ್ಯಾಂಡ್ ಆಫೀಸ್ ಯಂತ್ರವೂ ಆಗುತ್ತದೆ. ದುಡ್ಡು ಹಾಕಬೇಕಾದ್ದು ಎರಡು ಕಡೆ: ಇಮೇಜ್‌ಗಳಿಗೆಂದೇ 1 ಟಿಬಿಯ ಪ್ರತ್ಯೇಕ ಎಸ್‌ಎಸ್‌ಡಿ, ಮತ್ತು ಪೂರ್ತಿ ಗಿಗಾಬಿಟ್ ಸ್ವಿಚ್. ಮಾಮೂಲಿ ಹಾರ್ಡ್‌ಡಿಸ್ಕ್ ಒಬ್ಬರಿಗೆ ಓದಿ ಕೊಡುವಾಗ ಚುರುಕಾಗಿಯೇ ಇರುತ್ತದೆ. ಆರೇಳು ಯಂತ್ರಗಳು ಬೇರೆಬೇರೆ ಜಾಗದಿಂದ ಒಟ್ಟಿಗೆ ಕೇಳಿದರೆ ಅದರ ಹೆಡ್ ಆಚೀಚೆ ಓಡಿಯೇ ಸುಸ್ತಾಗುತ್ತದೆ.

ಈಗ ಲೆಕ್ಕ ನೋಡಿ. ವಿಂಡೋಸ್ ಮತ್ತು ತಂತ್ರಾಂಶ ಸೇರಿ 45 ಜಿಬಿ ತುಂಬಿದ ಡಿಸ್ಕ್, ಒತ್ತಿದ ಮೇಲೆ ಸುಮಾರು 25 ಜಿಬಿ ಆಯಿತು ಎಂದುಕೊಳ್ಳಿ. ಕೇಬಲ್‌ನಲ್ಲಿ ಹರಿಯುವುದು ಈ ಒತ್ತಿದ ದತ್ತಾಂಶವೇ, ಬಿಚ್ಚುವ ಕೆಲಸ ಆಯಾ ಕಂಪ್ಯೂಟರಿನದು. ಗಿಗಾಬಿಟ್‌ನಲ್ಲಿ ನಿಜಕ್ಕೂ ಸಿಗುವುದು ಸೆಕೆಂಡಿಗೆ ಸುಮಾರು 110 ಎಂಬಿ, ಅಂದರೆ ಒಂದು ಯಂತ್ರಕ್ಕೆ ನಾಲ್ಕು ನಿಮಿಷ. 28ಕ್ಕೆ ಒಂದೊಂದಾಗಿ ಕಳಿಸಿದರೆ 700 ಜಿಬಿ, ಹತ್ತಿರಹತ್ತಿರ ಒಂದೂಮುಕ್ಕಾಲು ಗಂಟೆ. ಸ್ವಿಚ್ 100 ಮೆಗಾಬಿಟ್‌ನದಾದರೆ ಒಂದಕ್ಕೇ 38 ನಿಮಿಷ, ಎಲ್ಲಕ್ಕೂ ಹದಿನೇಳು ಗಂಟೆಗೂ ಮೇಲೆ! ಸ್ವಿಚ್ ಗಿಗಾಬಿಟ್ ಆಗಿದ್ದರೂ, ಎಂಟು ತಂತಿಗಳಲ್ಲಿ ಒಂದು ಸರಿಯಾಗಿ ಕಚ್ಚಿರದ ಕೇಬಲ್ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಲಿನಕ್ಸ್‌ನ ಈಥ್‌ಟೂಲ್ ಆದೇಶ ಕೊಟ್ಟರೆ ಎಷ್ಟು ವೇಗದಲ್ಲಿ ಸಂಪರ್ಕವಾಗಿದೆ ಎಂಬುದು ಕಾಣುತ್ತದೆ.

ಸರ್ವರಿಗೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ ಬೇಡ. ಫಾಗ್ ಹಾಕುವ ಮೊದಲೇ ಎರಡು ಕೆಲಸ ಮುಗಿಸಿ. ಒಂದು, ಸ್ಥಿರ ಐಪಿ ವಿಳಾಸ ಕೊಡಿ, ಉದಾಹರಣೆಗೆ 192.168.50.1. ಫಾಗ್ ಈ ವಿಳಾಸವನ್ನು ನಾಲ್ಕೈದು ಕಡೆ ಬರೆದಿಟ್ಟುಕೊಳ್ಳುವುದರಿಂದ, ಆಮೇಲೆ ಬದಲಾಯಿಸಿದರೆ ಬೂಟ್ ಅರ್ಧದಲ್ಲೇ ನಿಲ್ಲುತ್ತದೆ. ಎರಡು, ಇಮೇಜ್ ಡಿಸ್ಕನ್ನು ಎಕ್ಸ್ಟ್4 ಆಗಿ ಫಾರ್ಮ್ಯಾಟ್ ಮಾಡಿ, ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಗುರುತುಸಂಖ್ಯೆ (ಯುಯುಐಡಿ) ಸಮೇತ ಬರೆದು, ರೂಟ್‌ನ ಕೆಳಗಿನ ಇಮೇಜಸ್ ಫೋಲ್ಡರಿಗೆ ಮೌಂಟ್ ಮಾಡಿ, ಅಂದರೆ ಜೋಡಿಸಿ. ಇದನ್ನು ನಂತರ ಮಾಡಿದರೆ, ಫಾಗ್ ಅಲ್ಲಿ ಮೊದಲೇ ಇಟ್ಟಿದ್ದ ಗುರುತಿನ ಅಡಗುಕಡತ ಹೊಸ ಡಿಸ್ಕ್‌ನ ಅಡಿ ಮುಚ್ಚಿಹೋಗಿ, ಇಮೇಜ್ ತೆಗೆಯುವಾಗ ಮೌಂಟ್ ಸರಿಯಿಲ್ಲ ಎಂಬ ದೂರು ಬರುತ್ತದೆ. ಹಾಗಾದರೆ ಸ್ಥಾಪಕವನ್ನು ಇನ್ನೊಮ್ಮೆ ಓಡಿಸಿ.

ಗಿಟ್ ಹಾಕಿಕೊಂಡು ಗಿಟ್‌ಹಬ್‌ನಿಂದ ಫಾಗ್‌ಪ್ರಾಜೆಕ್ಟ್ ಅನ್ನು ಇಳಿಸಿ. ಬಿನ್ ಫೋಲ್ಡರಿನಲ್ಲಿರುವ ಇನ್‌ಸ್ಟಾಲ್‌ಫಾಗ್ ಸ್ಕ್ರಿಪ್ಟನ್ನು ರೂಟ್ ಆಗಿ ನಡೆಸಿ. ಯಾವ ನೆಟ್‌ವರ್ಕ್ ಕಾರ್ಡ್, ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆ ಬೇಕೇ ಎಂದೆಲ್ಲ ಕೇಳುತ್ತದೆ. ನಡುವೆ ನಿಂತು, ಬ್ರೌಸರಿನಲ್ಲಿ ನಿರ್ವಹಣಾ ಪುಟ ತೆರೆದು ಡೇಟಾಬೇಸ್ ಬಟನ್ ಒತ್ತಿ ಬನ್ನಿ ಎನ್ನುತ್ತದೆ. ಒತ್ತಿ ಬಂದು ಎಂಟರ್ ಕೊಡಿ. ಮೊದಲ ಲಾಗಿನ್‌ನ ಹೆಸರು ಫಾಗ್, ಗುಪ್ತಪದ ಪಾಸ್‌ವರ್ಡ್ ಎಂಬ ಪದವೇ. ಅದನ್ನು ಆಗಲೇ ಬದಲಿಸಿ.

ಡಿಎಚ್‌ಸಿಪಿ ವಿಷಯಕ್ಕೆ ಬಂದರೆ ನಿಮ್ಮ ಲ್ಯಾಬಿಗೆ ಒಂದೇ ಮಾತು: ಇಮೇಜ್ ಹಾಕುವ ದಿನ ಲ್ಯಾಬಿನ ಸ್ವಿಚ್ಚನ್ನು ಶಾಲೆಯ ರೂಟರಿನಿಂದ ಬಿಚ್ಚಿಡಿ. ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಇರಲಿ. ಒಂದು ಇಂಟರ್‌ನೆಟ್ಟಿಗೆ, ಇನ್ನೊಂದು ಲ್ಯಾಬ್ ಸ್ವಿಚ್‌ಗೆ. ಫಾಗ್‌ನ ಡಿಎಚ್‌ಸಿಪಿ ಎರಡನೆಯದರ ಮೇಲೆ ಮಾತ್ರ ನಡೆಯಲಿ. ಒಂದೇ ತಂತಿಯಲ್ಲಿ ಇಬ್ಬರು ವಿಳಾಸ ಹಂಚಿದರೆ ಕೆಲವು ಯಂತ್ರ ಬೂಟ್ ಆಗುತ್ತವೆ, ಕೆಲವು ಆಗುವುದಿಲ್ಲ, ಆಫೀಸಿನ ಬಿಲ್ಲಿಂಗ್ ಕಂಪ್ಯೂಟರ್ ಇಂಟರ್‌ನೆಟ್ ಕಳೆದುಕೊಳ್ಳುತ್ತದೆ. ಕಾರಣ ಹುಡುಕುವುದರಲ್ಲೇ ದಿನ ಮುಗಿಯುತ್ತದೆ.

ಸರ್ವರ್ ಕೆಲಸ ಇಷ್ಟೇ. ಮನಸ್ಸಿಟ್ಟು ಮಾಡಬೇಕಾದ್ದು ಅಚ್ಚಿನ ಯಂತ್ರವನ್ನು, ಏಕೆಂದರೆ ಅದರಲ್ಲಿ ಉಳಿದ ತಪ್ಪು 28 ಪಟ್ಟು ಆಗುತ್ತದೆ. ಸಾಧ್ಯವಾದರೆ ಅದನ್ನು 80 ಜಿಬಿ ಡಿಸ್ಕಿನ ವರ್ಚುವಲ್ ಯಂತ್ರದಲ್ಲಿ ಕಟ್ಟಿ. ಸಣ್ಣ ಡಿಸ್ಕಿನಿಂದ ದೊಡ್ಡದಕ್ಕೆ ಹೋಗುವುದು ಸುಲಭ, ತಿರುಗಿಸಿದರೆ ಕಷ್ಟ. ವಿಂಡೋಸ್ ಮೊದಲ ಬಾರಿ ದೇಶ, ಭಾಷೆ ಕೇಳುವ ಪರದೆಯಲ್ಲಿ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿದರೆ ಖಾತೆ ಮಾಡದೆಯೇ ಸಿದ್ಧತೆ ನಡೆಸುವ ಆಡಿಟ್ ಮೋಡ್ ತೆರೆಯುತ್ತದೆ. ಅಲ್ಲೇ ಎಲ್ಲ ತಂತ್ರಾಂಶ ಹಾಕಿ. ಇಂಟರ್‌ನೆಟ್ ಕೊಡಬೇಡಿ. ಕೊಟ್ಟರೆ ಸ್ಟೋರ್ ತನ್ನ ಆ್ಯಪ್‌ಗಳನ್ನು ಒಬ್ಬ ಬಳಕೆದಾರರಿಗಷ್ಟೇ ನವೀಕರಿಸಿ, ಕೊನೆಗೆ ಸಿಸ್‌ಪ್ರೆಪ್ (ಆ ಯಂತ್ರದ ಗುರುತುಗಳನ್ನು ಅಳಿಸಿ ಅಚ್ಚಿಗೆ ಅಣಿಮಾಡುವ ವಿಂಡೋಸ್ ಸಾಧನ) ಸೋಲುತ್ತದೆ. ಸೋತರೆ ಯಾವ ಆ್ಯಪ್ ಅಡ್ಡ ಬಂತು ಎಂಬುದು ಸಿಸ್‌ಪ್ರೆಪ್ ಫೋಲ್ಡರಿನೊಳಗಿನ ಪ್ಯಾಂಥರ್ ಲಾಗ್‌ನಲ್ಲಿರುತ್ತದೆ. ಸಿಸ್‌ಪ್ರೆಪ್‌ಗೆ ಮುನ್ನ ವರ್ಚುವಲ್ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದಿಡಿ, ಮುಂದಿನ ಜೂನ್‌ನಲ್ಲಿ ಅಲ್ಲಿಂದಲೇ ಮುಂದುವರಿಸಬಹುದು. ಜನರಲೈಸ್, ಔಟ್ ಆಫ್ ಬಾಕ್ಸ್, ಶಟ್‌ಡೌನ್ ಮೂರನ್ನೂ ಆರಿಸಿ ಸಿಸ್‌ಪ್ರೆಪ್ ನಡೆಸಿ. ಯಂತ್ರ ಆರಿದ ಮೇಲೆ ಅದು ತನ್ನ ಡಿಸ್ಕಿನಿಂದ ಎದ್ದೇಳಲೇಬಾರದು. ಒಮ್ಮೆ ಎದ್ದರೆ ಸಿಸ್‌ಪ್ರೆಪ್ ವ್ಯರ್ಥ. ಆದ್ದರಿಂದ ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲು ಇರಬೇಕು.

ಫಾಗ್‌ನಲ್ಲಿ ಇಮೇಜ್ ಹೆಸರು ಸೃಷ್ಟಿಸುವಾಗ ಸಿಂಗಲ್ ಡಿಸ್ಕ್ ರೀಸೈಜಬಲ್ ಆರಿಸಿ. ಯಂತ್ರಗಳನ್ನು ಬೂಟ್ ಮೆನುವಿನಿಂದಲೇ ನೋಂದಾಯಿಸಿ, ಅಚ್ಚಿನದಕ್ಕೆ ಕ್ಯಾಪ್ಚರ್, ಉಳಿದವಕ್ಕೆ ಮಲ್ಟಿಕ್ಯಾಸ್ಟ್ ಕೊಡಿ. ಮಲ್ಟಿಕ್ಯಾಸ್ಟ್‌ನಲ್ಲಿ ಸರ್ವರ್ ಒಮ್ಮೆ ಕಳಿಸಿದ್ದನ್ನೇ ಎಲ್ಲರೂ ಹಿಡಿದುಕೊಳ್ಳುತ್ತಾರೆ. ಎಲ್ಲ ಸರಿಯಿದ್ದರೆ 28 ಯಂತ್ರಕ್ಕೂ 10ರಿಂದ 15 ನಿಮಿಷ. ಗುಂಪಿನಲ್ಲಿ ಯಾವುದು ತೀರಾ ನಿಧಾನವೋ ಅದರ ವೇಗವೇ ಎಲ್ಲರ ವೇಗ, ಹಾಗಾಗಿ ಹಾರ್ಡ್‌ಡಿಸ್ಕ್ ಇರುವ ಹಳೆಯವನ್ನು ಬೇರೆ ಗುಂಪು ಮಾಡಿ. ಒಂದೊಂದಾಗಿ ಕಳಿಸುವಾಗ 10 ಯಂತ್ರ ನಡೆದು ಹನ್ನೊಂದನೆಯದು ಸುಮ್ಮನೆ ನಿಂತರೆ ಗಾಬರಿ ಬೇಡ. ಫಾಗ್‌ನ ಸ್ಟೋರೇಜ್ ನೋಡ್ (ಇಮೇಜ್ ಇಡುವ ಜಾಗ) ಪುಟದಲ್ಲಿ ಗರಿಷ್ಠ ಸಂಖ್ಯೆ ಮೊದಲಿಗೆ 10 ಎಂದೇ ಇರುತ್ತದೆ, ಅದು ಸರದಿಗೆ ಕಾಯುತ್ತಿದೆ.

ಪ್ರಶ್ನೆ: ನಮಸ್ಕಾರ್ರಿ. ಪಿಂಪ್ರಿ-ಚಿಂಚವಡದಾಗ ನಮ್ಮದು ಟ್ರೇನಿಂಗ್ ಇನ್‌ಸ್ಟಿಟ್ಯೂಟ್ ಐತ್ರಿ. ಫಾಗ್ ಹಾಕೇವಿ. ಇಂಟರ್‌ನೆಟ್ ಕಂಪನಿಯವರು ಕೊಟ್ಟ ರೂಟರಿನಾಗ ಬೂಟ್ ಸರ್ವರ್, ಬೂಟ್ ಕಡತ ಹೇಳೋ 66, 67 ಅನ್ನೋ ಆಪ್ಷನ್ನೇ ಇಲ್ಲ, ಅದನ್ನ ತಗದ್ರ ವೈಫೈ ಬಂದ್. ಬೇರೆ ದಾರಿ ಅದ ಏನ್ರಿ? ಇನ್ನೊಂದು, ಗೆಳೆಯರ ಸೆಂಟರಿನಾಗ ಹಳೇ ಮಷೀನು ಬೂಟ್ ಆಗ್ತಾವ, ಹೊಸಾವು ಆಗಂಗಿಲ್ಲ. ಯಾಕ್ರಿ?
– ಓದುಗರು, ಚಿಂಚವಡ

ಉತ್ತರ: ರೂಟರನ್ನು ಮುಟ್ಟಬೇಡಿ, ಅದು ವಿಳಾಸ ಹಂಚುತ್ತಲೇ ಇರಲಿ. ಫಾಗ್ ಸರ್ವರಿನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಹಾಕಿ ಪ್ರಾಕ್ಸಿ ಡಿಎಚ್‌ಸಿಪಿಯಾಗಿ ನಡೆಸಿ. ಅದು ವಿಳಾಸ ಕೊಡುವುದಿಲ್ಲ, ಬೂಟ್ ಕಡತ ಎಲ್ಲಿದೆ ಎಂದು ಮಾತ್ರ ಹೇಳುತ್ತದೆ. ಹೀಗಾಗಿ ಜಗಳವಿಲ್ಲ. ಸಂರಚನೆಯಲ್ಲಿ ಪೋರ್ಟ್ ಸೊನ್ನೆ ಎಂದು ಬರೆದು ಡಿಎನ್‌ಎಸ್ ಕೆಲಸ ನಿಲ್ಲಿಸಿ. ಡಿಎಚ್‌ಸಿಪಿ ರೇಂಜ್ ಸಾಲಿನಲ್ಲಿ ನಿಮ್ಮ ನೆಟ್‌ವರ್ಕ್ ವಿಳಾಸ ಕೊಟ್ಟು ಪಕ್ಕದಲ್ಲಿ ಪ್ರಾಕ್ಸಿ ಎಂದು ಸೇರಿಸಿ. ಬೂಟ್ ಕಡತ ಕಳಿಸುವ ಟಿಎಫ್‌ಟಿಪಿಯನ್ನು ಫಾಗ್ ಈಗಾಗಲೇ ನಡೆಸುತ್ತಿರುವುದರಿಂದ ಇಲ್ಲಿ ಬೇಡ. ಹಳೆಯ ಬಯೋಸ್ ಬದಲು ಯುಇಎಫ್‌ಐ ಇರುವ ಹೊಸ ಯಂತ್ರಗಳಿಗೆ ಡಿಎನ್‌ಎಸ್‌ಮಾಸ್ಕ್ 2.76 ಅಥವಾ ಅದಕ್ಕಿಂತ ಹೊಸದು ಇರಬೇಕು. ಸರ್ವರಿನ ಫೈರ್‌ವಾಲ್‌ನಲ್ಲಿ ಯುಡಿಪಿ 67, 69, 4011 ತೆರೆದಿರಲಿ.

ಹಳೆಯವು ಏಳುತ್ತವೆ, ಹೊಸವು ಏಳುವುದಿಲ್ಲ ಎಂದರೆ ಬಹುತೇಕ ಎಲ್ಲರಿಗೂ ಒಂದೇ ಬೂಟ್ ಕಡತ ಹೋಗುತ್ತಿದೆ. ಬಯೋಸ್ ಯಂತ್ರಕ್ಕೆ ಬೇಕಾದ್ದು ಅನ್‌ಡಿಒನ್ಲಿ ಕಡತ. ಯುಇಎಫ್‌ಐಗೆ ಅದು ಅರ್ಥವೇ ಆಗುವುದಿಲ್ಲ, ಅದಕ್ಕೆ ಎಸ್‌ಎನ್‌ಪಿಒನ್ಲಿ ಅಥವಾ ಐಪಿಎಕ್ಸ್‌ಇಯ ಇಎಫ್‌ಐ ಕಡತ ಬೇಕು. ಯಂತ್ರ ತನ್ನ ಜಾತಿಯನ್ನು ಆಪ್ಷನ್ 93ರಲ್ಲಿ ಹೇಳಿಕೊಳ್ಳುತ್ತದೆ: 0 ಎಂದರೆ ಬಯೋಸ್, 7 ಅಥವಾ 9 ಎಂದರೆ 64 ಬಿಟ್ ಯುಇಎಫ್‌ಐ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಎರಡೂ ಜಾತಿಗೆ ಬೇರೆಬೇರೆ ಸಾಲು ಬರೆಯಿರಿ. ಆಮೇಲೂ ಏಳದಿದ್ದರೆ, ಸಹಿಯಿಲ್ಲದ ಬೂಟ್ ಕಡತಗಳನ್ನು ತಡೆಯುವ ಸೆಕ್ಯೂರ್ ಬೂಟ್ ನೋಡಿ. ಫಾಗ್ 1.5ರ ಬೂಟ್ ಕಡತಗಳಿಗೆ ಆ ಸಹಿ ಇಲ್ಲ, ಅದನ್ನು ಆಫ್ ಮಾಡಲೇಬೇಕು. ಬೂಟ್ ಆಗಿ ಡಿಸ್ಕ್ ಸಿಗಲಿಲ್ಲ ಎಂದರೆ ಬಯೋಸ್‌ನಲ್ಲಿ ಡಿಸ್ಕ್ ರೀತಿ ರೇಡ್ ಎಂದಿರುತ್ತದೆ, ಎಎಚ್‌ಸಿಐಗೆ ತಿರುಗಿಸಿ. ಈಗಾಗಲೇ ಇರುವ ವಿಂಡೋಸ್ ಉಳಿಯಬೇಕಾದರೆ ಮೊದಲು ಸೇಫ್ ಮೋಡ್‌ಗೆ ಗೊತ್ತುಮಾಡಿ ನಂತರ ತಿರುಗಿಸಿ, ಇಲ್ಲದಿದ್ದರೆ ಅದು ನೀಲಿ ಪರದೆಯಲ್ಲಿ ನಿಲ್ಲುತ್ತದೆ.

ಪರದೆಯಲ್ಲಿ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಇರಲಿ. ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಬೂಟ್ ಆಗುವ ವಿಧಾನ) ಇ51 ಎಂದರೆ ವಿಳಾಸ ಕೊಡುವವರೇ ಸಿಗಲಿಲ್ಲ. ಇ53 ಎಂದರೆ ವಿಳಾಸ ಸಿಕ್ಕಿತು, ಬೂಟ್ ಕಡತದ ಹೆಸರು ಸಿಗಲಿಲ್ಲ. ಇ32 ಎಂದರೆ ಹೆಸರು ಸಿಕ್ಕಿದೆ, ಟಿಎಫ್‌ಟಿಪಿ ಉತ್ತರಿಸುತ್ತಿಲ್ಲ, ಫೈರ್‌ವಾಲ್ ನೋಡಿ. ಇ51 ಬಂದರೂ ಇನ್ನೊಮ್ಮೆ ಪ್ರಯತ್ನಿಸಿದಾಗ ಸರಿಹೋಗುತ್ತಿದ್ದರೆ ತಪ್ಪು ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀಯದು, ಅಂದರೆ ಕೇಬಲ್‌ಗಳು ಸುತ್ತುಗಟ್ಟದಂತೆ ಕಾಯುವ ವ್ಯವಸ್ಥೆಯದು. ಪೋರ್ಟ್ ಜೀವಬಂದ ಮೇಲೆ 30 ಸೆಕೆಂಡು ಅದು ಏನನ್ನೂ ದಾಟಿಸುವುದಿಲ್ಲ, ಅಷ್ಟರಲ್ಲಿ ಬೂಟ್‌ನ ತಾಳ್ಮೆ ಮುಗಿದಿರುತ್ತದೆ. ಯಂತ್ರಕ್ಕೂ ಆ ಸ್ವಿಚ್‌ಗೂ ನಡುವೆ ಐದು ಪೋರ್ಟ್‌ನ ಸಾದಾ ಸ್ವಿಚ್ ಇಟ್ಟು ನೋಡಿ. ಆಗ ಎದ್ದರೆ ಅನುಮಾನವೇ ಬೇಡ, ದೊಡ್ಡ ಸ್ವಿಚ್‌ನಲ್ಲಿ ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಆನ್ ಮಾಡಿ.

ಪುಣೆಯಲ್ಲಿ ಗುರುವಾರ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಸರ್ವರಿಗೂ ಸ್ವಿಚ್‌ಗೂ ಯುಪಿಎಸ್ ಇರಲಿ. ಇಳಿಸುವಾಗ ಕರೆಂಟ್ ಹೋದರೆ ಆ ಯಂತ್ರದ ಡಿಸ್ಕ್ ಅರ್ಧವಾಗುತ್ತದೆಯೇ ಹೊರತು ಸರ್ವರಿನ ಇಮೇಜ್‌ಗೆ ಏನೂ ಆಗುವುದಿಲ್ಲ, ಮತ್ತೆ ಕಳಿಸಿದರಾಯಿತು.

ಪ್ರಶ್ನೆ: ಮಡಗಾಂವ್‌ನ ನಮ್ಮ ಆಫೀಸಿನಲ್ಲಿ ಫಾಗ್ ಇದೆ. ಮೊದಲು ವಿಂಡೋಸ್ ಡಿಸ್ಕಿನ ಎನ್‌ಟಿಎಫ್‌ಎಸ್ ಸರಿಯಿಲ್ಲ ಎಂದು ಇಮೇಜ್ ತೆಗೆಯಲು ನಿರಾಕರಿಸುತ್ತಿತ್ತು. ಅದು ಹೇಗೋ ಸರಿಯಾಯಿತು. ಈಗ ನೂರು ಪ್ರತಿಶತ ಮುಗಿದ ಮೇಲೆ ಡೇಟಾಬೇಸ್ ನವೀಕರಣದ ಹತ್ತಿರ ಸುತ್ತುತ್ತಲೇ ಇರುತ್ತದೆ.
– ಓದುಗರು, ಮಡಗಾಂವ್

ಉತ್ತರ: ಮೊದಲನೆಯದು ಫಾಸ್ಟ್ ಸ್ಟಾರ್ಟಪ್‌ನ ಕೆಲಸ. ವಿಂಡೋಸ್ ಪೂರ್ತಿ ಆರದೆ ಅರೆನಿದ್ರೆಗೆ ಹೋಗಿ, ಡಿಸ್ಕನ್ನು ತೆರೆದೇ ಬಿಟ್ಟಿರುತ್ತದೆ. ಅಡ್ಮಿನ್ ಆಗಿ ಪವರ್‌ಸಿಎಫ್‌ಜಿ ಆದೇಶಕ್ಕೆ ಸ್ಲ್ಯಾಶ್ ಎಚ್ ಆಫ್ ಎಂದು ಸೇರಿಸಿ ಒಮ್ಮೆ ಕೊಟ್ಟರೆ ಇನ್ನು ಬರುವುದಿಲ್ಲ. ಡಿಸ್ಕನ್ನು ಗೂಢಲಿಪಿಗೊಳಿಸುವ ಬಿಟ್‌ಲಾಕರ್ ಕೂಡ ಆಫ್ ಆಗಿದೆಯೇ ನೋಡಿ. ವಿಂಡೋಸ್ 11 ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕೇಳದೆಯೇ ಅದನ್ನು ಹಚ್ಚಿಬಿಡುತ್ತದೆ.

ಎರಡನೆಯದಕ್ಕೆ ಕಾರಣ ಗುಪ್ತಪದ. ಇಮೇಜ್ ಮೊದಲು ಡೆವ್ ಎಂಬ ಒಳಫೋಲ್ಡರಿಗೆ, ಯಂತ್ರದ ಮ್ಯಾಕ್ ವಿಳಾಸದ ಹೆಸರಿನಲ್ಲಿ ಬರುತ್ತದೆ. ಪೂರ್ತಿಯಾದ ಮೇಲೆ ಫಾಗ್ ಎಫ್‌ಟಿಪಿ ಮೂಲಕ ಅದನ್ನು ಸರಿಯಾದ ಹೆಸರಿಗೆ ಸಾಗಿಸುತ್ತದೆ. ಆ ಲಾಗಿನ್ ಸೋತರೆ ಸುತ್ತು. ಸರ್ವರಿನಲ್ಲಿ ಫಾಗ್‌ಪ್ರಾಜೆಕ್ಟ್ ಎಂಬ ಲಿನಕ್ಸ್ ಬಳಕೆದಾರರ ಗುಪ್ತಪದವನ್ನು ಯಾರೋ ಬದಲಿಸಿರಬೇಕು. ಅದು ಮನುಷ್ಯರು ಲಾಗಿನ್ ಆಗುವ ಖಾತೆಯಲ್ಲ. ಆಪ್ಟ್ ಕೆಳಗಿನ ಫಾಗ್ ಫೋಲ್ಡರಿನ ಫಾಗ್‌ಸೆಟ್ಟಿಂಗ್ಸ್ ಅಡಗುಕಡತದಲ್ಲಿ ಮೂಲ ಗುಪ್ತಪದ ಇರುತ್ತದೆ. ಅದೂ, ಸ್ಟೋರೇಜ್ ನೋಡ್ ಪುಟದಲ್ಲಿರುವುದೂ, ಲಿನಕ್ಸ್ ಖಾತೆಯದೂ ಒಂದೇ ಆಗಿರಲಿ. ಡೆವ್‌ನಲ್ಲಿ ಸಿಕ್ಕಿಬಿದ್ದಿರುವುದನ್ನು ಅಳಿಸಬೇಡಿ. ಫೋಲ್ಡರಿನ ಹೆಸರನ್ನು ಇಮೇಜ್ ಹೆಸರಿಗೆ ಬದಲಿಸಿ ಹೊರಗೆ ಸಾಗಿಸಿದರೆ ಅದೇ ಬಳಕೆಗೆ ಬರುತ್ತದೆ.

ನಿಮ್ಮ ಕಡೆ ಮಳೆಗಾಲದಲ್ಲಿ, ಕೇಬಲ್ ಸಂಪರ್ಕವಿಲ್ಲ ಎನ್ನುವ ಪಿಎಕ್ಸ್‌ಇ ಇ61 ಬಂದರೆ ಸಂರಚನೆ ಕೆದಕುವ ಮುಂಚೆ ಕೇಬಲ್ ತುದಿ ನೋಡಿ. ಸಮುದ್ರದ ಗಾಳಿಗೆ ಸಂಪರ್ಕ ಕಡ್ಡಿಗಳು ಮಂಕಾಗುತ್ತವೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿಸಿ.

ಪ್ರಶ್ನೆ: ಉಬುಂಟು (ಲಿನಕ್ಸ್) ಇಮೇಜ್ ಹಾಕಿದ ಮೇಲೆ ಕೆಲವು ಯಂತ್ರಗಳಿಗೆ ಒಂದೇ ಐಪಿ ಬರುತ್ತಿದೆ. ಇನ್ನು, ವಿಂಡೋಸ್ ಇಮೇಜ್ ಮಾಡಲು ಲೈಸೆನ್ಸ್ ಅಡ್ಡಿಯೇ?
– ಓದುಗರು, ಮಾಟುಂಗಾ

ಉತ್ತರ: ಎಲ್ಲಕ್ಕೂ ಯಂತ್ರದ ಗುರುತಾದ ಮಷೀನ್-ಐಡಿ ಒಂದೇ ಆಗಿದೆ, ಡಿಎಚ್‌ಸಿಪಿ ಅವುಗಳನ್ನು ಒಂದೇ ಯಂತ್ರ ಎಂದುಕೊಂಡಿದೆ. ಇಮೇಜ್ ತೆಗೆಯುವ ಮುನ್ನ ಇಟಿಸಿ ಫೋಲ್ಡರಿನ ಮಷೀನ್-ಐಡಿ ಕಡತವನ್ನು ಖಾಲಿ ಮಾಡಿ, ಆದರೆ ಕಡತವನ್ನೇ ಅಳಿಸಬೇಡಿ. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು ತೆಗೆದು, ಇಳಿಸಿದ ಮೇಲೆ ಪ್ರತಿ ಯಂತ್ರದಲ್ಲೂ ಹೊಸದಾಗಿ ಹುಟ್ಟಿಸಿ. ಡಿಸ್ಕ್ ಜಾಗವನ್ನು ಬೇರೆ ರೀತಿ ಹಂಚುವ ಎಲ್‌ವಿಎಂ ಬಳಸಿದ್ದರೆ ರೀಸೈಜಬಲ್ ಕೆಲಸ ಮಾಡುವುದಿಲ್ಲ, ಅಚ್ಚಿನ ಯಂತ್ರಕ್ಕೆ ಸಾದಾ ಎಕ್ಸ್ಟ್4 ಇರಲಿ.

ಲೈಸೆನ್ಸ್ ವಿಷಯದಲ್ಲಿ ಎಚ್ಚರಿಕೆ ಬೇಕು. ಕಂಪ್ಯೂಟರ್ ಜೊತೆ ಬಂದ ಒಇಎಂ ವಿಂಡೋಸನ್ನು ಅಚ್ಚು ಮಾಡಿ ಬೇರೆ ಯಂತ್ರಗಳಿಗೆ ಹಂಚುವ ಹಕ್ಕು ಅದರ ಜೊತೆ ಬರುವುದಿಲ್ಲ. ಮೈಕ್ರೋಸಾಫ್ಟ್ ಆ ಹಕ್ಕನ್ನು ಕೊಡುವುದು ವಾಲ್ಯೂಮ್ ಲೈಸೆನ್ಸ್ (ಸಂಸ್ಥೆಗಳಿಗೆ ಒಟ್ಟಾಗಿ ಕೊಡುವ ಲೈಸೆನ್ಸ್) ಗ್ರಾಹಕರಿಗೆ. ಇಮೇಜನ್ನು ವಾಲ್ಯೂಮ್ ಮಾಧ್ಯಮದಿಂದಲೇ ಕಟ್ಟಬೇಕು, ಪ್ರತಿ ಯಂತ್ರಕ್ಕೂ ತನ್ನದೇ ವಿಂಡೋಸ್ ಲೈಸೆನ್ಸ್ ಇರಬೇಕು. ಲ್ಯಾಬ್ ಕೆಲಸ ಉಬುಂಟುವಿನಲ್ಲೇ ನಡೆಯುವುದಾದರೆ ಈ ತೊಡಕಿಲ್ಲ.