ಮನೆ ಅತ್ತೆ ಹೆಸರಲ್ಲಿದ್ದರೆ ಸೊಸೆ ಹೊರಡಬೇಕಾ?
ಮನೆ ಅತ್ತೆಯದು, ಹೊಡೆತ ತಿಂದರೂ ನಿಮ್ಮ ತಂಗಿಗೆ ಅಲ್ಲಿರುವ ಹಕ್ಕಿಲ್ಲ ಅಂದರಂತೆ, ನಿಜವಾ ಅಂತ ಕೇಳಿದ್ದೀರಿ. ಅದು ಹಳೇ ಮಾತು. 2006ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿತ್ತು, ಅದೂ ಹೆಣ್ಣುಮಕ್ಕಳಿಗೆ ಸಂಸಾರದ ಮನೆಯಲ್ಲಿ ವಾಸದ ಹಕ್ಕು ಕೊಟ್ಟ ಕೌಟುಂಬಿಕ ದೌರ್ಜನ್ಯ ಕಾಯ್ದೆ ಜಾರಿಗೆ ಬಂದು ಎರಡು ತಿಂಗಳಾಗುವ ಮೊದಲೇ! 2020ರ ಅಕ್ಟೋಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು. ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಸೊಸೆ ವಾಸದ ಹಕ್ಕು ಕೇಳಬಹುದು. ಆಸ್ತಿಯಲ್ಲಿ ಪಾಲು ಅಲ್ಲ, ವಾಸ ಅಷ್ಟೇ. ವಯಸ್ಸಾದವರ ಕಷ್ಟವನ್ನೂ ಕೋರ್ಟ್ ನೋಡುತ್ತದೆ, ಬೇರೆ ಬಾಡಿಗೆ ಮನೆ ಮಾಡಿಕೊಡು ಅಂತ ಗಂಡನಿಗೆ ಹೇಳಲೂಬಹುದು. ಹೊಡೆತ ಜಾಸ್ತಿಯಾದರೆ ಮೊದಲು ಹೊರಗೆ ಬರಲಿ, ಆಮೇಲೂ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಪುಕ್ಕಟೆ.